ಘಟ್ಟದ ಬುಡದಲ್ಲಿ ಇಳಿಯದವನು

ತೋಬಿಯಾನ ಸೈಕಲ್ಲಿನ ಹಿಂದಿನ ಚಕ್ರದಿಂದ ಹಾರೋ ಕೆಸರು ಸೀದಾ ನನ್ನ ಬಾಯಿಗೇ ಬಂದು ಬೀಳ್ತಿದೆ, ಉಗುಳಿದರೆ ಎದುರುಗಾಳಿ ಅದನ್ನ ನನ್ನ ಗಡ್ಡಕ್ಕೇ ವಾಪಸು ತಂದುಕೊಡುತ್ತೆ, ಅದಕ್ಕೇ ನುಂಗಿಬಿಟ್ಟೆ, ಬೆಳಿಗ್ಗೆಯಿಂದ ಎಷ್ಟನೇ ತುತ್ತೋ ಇದು, ನಮ್ಮ ಇಟ್ಟಿಗೆ ಭಟ್ಟಿ ಮಣ್ಣಿಗಿಂತ ಈ ರಸ್ತೆ ಮಣ್ಣಿಗೆ ಉಪ್ಪು ಒಂಚೂರು ಜಾಸ್ತಿ, ಹದಿನೈದು ವರ್ಷ ಮಣ್ಣು ತುಳಿದವನು ನಾನು, ಅಷ್ಟಾದರೂ ಗೊತ್ತಾಗದಿದ್ದರೆ ಹೇಗೆ — ಕಾಲು ಮಾತ್ರ ನನ್ನ ಮಾತು ಕೇಳ್ತಿಲ್ಲ, ಗಿರಗಿರ ಗಿರಗಿರ ಅಂತ ತಿರುಗ್ತಾನೇ ಇವೆ, ತೋಬಿಯಾ ಒಂದು ಸುತ್ತು ತುಳಿಯೋದರಲ್ಲಿ ನಂದು ಒಂದೂವರೆ ಆಗಿರುತ್ತೆ, ಅವನು ಹಿಂದೆ ತಿರುಗಿ ನೋಡಿ, ಇಟ್ಟಿಗೆ, ನಿನ್ನ ಹೊಲಿಗೆ ಮಿಷನ್ನು ಚೆನ್ನಾಗಿ ಓಡ್ತಿದೆ ಕಣೋ, ನನ್ನ ಚಡ್ಡಿ ಹಿಂದುಗಡೆ ಹರಿದಿದೆ, ಹಾಗೇ ಒಂದು ಹೊಲಿಗೆ ಹಾಕ್ಬಿಡು ಅಂತಾನೆ, ಲೋದಿ ಊರಿನ ಕ್ಷೌರಿಕ ಅವನು, ಬಾಯಿ ಮುಚ್ಚೋದು ಅವನ ಕಸುಬಿನಲ್ಲೇ ಇಲ್ಲ, ಎವಾಸಿಯೊ ಅಂತ ಅಪ್ಪ ಇಟ್ಟ ಒಳ್ಳೇ ಹೆಸರು ನನಗಿದ್ದರೂ ಪಂದ್ಯದವರೆಲ್ಲ ಇಟ್ಟಿಗೆ ಅಂತ ಕರೆಯೋ ಹಾಗೆ ಮಾಡಿದವನೂ ಅವನೇ, ನಗಲಿ, ತಪ್ಪು ನಂದಲ್ಲ, ಚಕ್ರದ್ದು, ಚಕ್ರದ್ದೂ ಅಲ್ಲ, ಪಾಲ್ಮಿರಾದು, ನನ್ನ ಹೆಂಡತಿದು — ನಮ್ಮ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಎರಡು ಕಡೆಗೂ ಹಲ್ಲುಗಾಲಿ ಇರುತ್ತಲ್ಲ, ಒಂದು ಕಡೆ ಚಿಕ್ಕದು ಬಯಲಿಗೆ, ಇನ್ನೊಂದು ಕಡೆ ದೊಡ್ಡದು ಏರಿಗೆ, ಬಯಲು ಮುಗಿದು ಘಟ್ಟ ಬಂತು ಅಂದರೆ ಇಳಿದು, ಬೆರಳಲ್ಲೇ ತಿರುಗಿಸೋ ಕಿವಿನಟ್ಟು ಬಿಚ್ಚಿ, ಚಕ್ರ ಕಳಚಿ, ತಿರುವಿ ಹಾಕಿ, ಚೈನು ಎಳೆದು ಮತ್ತೆ ಬಿಗೀಬೇಕು, ಮಹಾ ವಿದ್ಯೆ ಏನಲ್ಲ, ಆದರೆ ಇವಳು ಶುಕ್ರವಾರ ಸಂಜೆ ಚಕ್ರ ಕಳಚಿ ಒರೆಸಿ ಎಣ್ಣೆ ಬಿಟ್ಟು, ಬಯಲಿನ ಕಡೆ ಬರಬೇಕಾದಲ್ಲಿ ಏರಿನ ಕಡೆ ಹಾಕಿ ಬಿಗಿದುಬಿಟ್ಟಿದಾಳೆ, ಮಳೆಗೆ ತುಕ್ಕು ಹಿಡಿಯುತ್ತೆ ಅಂತ ಮೇಲೆ ಗೋಣಿತಾಟು ಬೇರೆ ಸುತ್ತಿ, ಹಗ್ಗ ಕಟ್ಟಿ, ಮಿಲಾನ್ ಮುಟ್ಟೋವರೆಗೆ ಬಿಚ್ಚಬೇಡ ಅಂತ ಹೇಳಿ ರೈಲು ಹತ್ತಿಸಿದಳು, ನಾನು ಬಿಚ್ಚಿದ್ದು ಇವತ್ತು ಬೆಳಗಿನ ಜಾವ ನಾಲ್ಕೂವರೆಗೆ, ಎಪ್ಪತ್ತು ಜನ ಒಂದೇ ಲಾಂದ್ರದ ಸುತ್ತ ಸಹಿ ಹಾಕೋಕೆ ನೂಕಾಡ್ತಾ ಇದ್ದಾಗ, ಆ ಕತ್ತಲಲ್ಲಿ ಹಲ್ಲುಗಾಲಿ ಯಾರು ನೋಡ್ತಾರೆ, ಊರ ಬಾಗಿಲು ದಾಟಿ ಎಲ್ಲರೂ ಭರ್ ಅಂತ ಮುಂದೆ ಹೋದಾಗ, ನಾನು ಮಾತ್ರ ಗಾಣದೆತ್ತಿನ ಹಾಗೆ ತುಳಿದರೂ ಅಲ್ಲೇ ಇದ್ದಾಗ ತಿಳೀತು. ಇಳಿದು ತಿರುವಿ ಹಾಕಬಹುದಿತ್ತು, ಹಾಕಲಿಲ್ಲ, ಬಯಲಲ್ಲಿ ಒಂದು ಸಲ ತೋಬಿಯಾನ ಬೆನ್ನು ಬಿಟ್ಟರೆ ಆ ಗಾಳಿಗೆ ಒಬ್ಬನೇ ಎದೆ ಕೊಟ್ಟು ಯಾರು ಸೇರಿಕೊಳ್ತಾರೆ, ಅಲ್ಲದೆ ಇಳಿದರೆ ಕಾರಣ ಕೇಳ್ತಾರೆ, ಹೆಂಡತಿ ಚಕ್ರ ಹಾಕಿಕೊಟ್ಟಳು ಅಂತ ಈ ತೋಬಿಯಾನ ಮುಂದೆ ಹೇಳೋದಕ್ಕಿಂತ ಪಂದ್ಯ ಮುಗಿಯೋ ಸಮುದ್ರದವರೆಗೆ ಹೀಗೇ ಬಟ್ಟೆ ಹೊಲೀತಾ ಹೋಗೋದು ವಾಸಿ. ಆದರೂ ತಲೆಯೊಳಗೆ ಒಂದು ನೊಣ ಕೂತಿದೆ, ಹೋಗ್ತಿಲ್ಲ — ಮರೆತು ಹಾಕಿದಳಾ, ಬೇಕಂತ ಹಾಕಿದಳಾ, ಯಾಕೆಂದರೆ ಸಂತ ಜೋಸೆಫನ ಹಬ್ಬದ ದಿನ ಊಟದ ಮುಂದೆ ಕೂತು ಅವಳೇ ಹೇಳಿದ್ದು, ಎವಾಸಿಯೊ, ಈ ಸಲ ಮೊದಲ ಹತ್ತರೊಳಗೆ ಬಾ, ಸಾಯೋವರೆಗೂ ತುಳಿ, ನಾನು ತುಟಿ ಬಿಚ್ಚಲ್ಲ, ಹನ್ನೊಂದನೆಯವನಾದೆಯೋ, ಸೈಕಲ್ಲು ಗೋಡೆಗೆ, ನಾನು ಅದರ ಮೇಲೆ ಅವರೆಬಳ್ಳಿ ಹಬ್ಬಿಸ್ತೀನಿ, ಅಂತ, ನಾನು ರೊಟ್ಟಿ ಮೇಲೆ ಕೈಯಿಟ್ಟು ಆಣೆ ಮಾಡಿದೆ, ಮಾಡೋವಾಗ ವೈನು ಒಂದು ಲೋಟ ಜಾಸ್ತಿ ಆಗಿತ್ತು ನಿಜ, ಆದರೂ ರೊಟ್ಟಿ ರೊಟ್ಟಿನೇ, ಇದುವರೆಗೆ ನಾನು ಬಂದ ಅತಿ ಒಳ್ಳೇ ಸ್ಥಾನ ಇಪ್ಪತ್ತಾರು.

ರೈಲ್ವೆ ಗೇಟು ಹಾಕಿದೆ — ಅಯ್ಯೋ ದೇವರೇ, ಗೇಟು ಹಾಕಿದೆ, ನೋಡು ತೋಬಿಯಾ, ಅಲ್ಲಿ ಎಲ್ಲರೂ ನಿಂತಿದಾರೆ, ಇಡೀ ಗುಂಪು, ನಾವು ಮೂರು ಗಂಟೆ ಹೊತ್ತಿನಿಂದ ಅಟ್ಟಿಸಿಕೊಂಡು ಹೋಗ್ತಿದ್ದ ಗುಂಪು, ಒದ್ದೆ ಕೋಳಿಗಳ ಹಾಗೆ ಒಂದರ ಪಕ್ಕ ಒಂದು, ಗೇಟು ಕಾಯೋ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತಿದಾಳೆ, ಒಬ್ಬ ಕೆಳಗೆ ನುಸುಳೋಕೆ ಹೋದರೆ ಬಾವುಟದ ಕೋಲಲ್ಲಿ ತಲೆ ಮೇಲೆ ಒಂದು ಕೊಟ್ಟಳು, ರಾಜ ಬಂದರೂ ನಿಲ್ತಾನೆ, ನೀನ್ಯಾವ ದೊಡ್ಡ ಮನುಷ್ಯ ಅಂದಳು, ರೈಲು ಬಂತು, ಗೂಡ್ಸು, ಒಂದಾದ ಮೇಲೊಂದು ಡಬ್ಬಿ, ಡಬ್ಬಿ ತುಂಬ ಹಂದಿ, ಎಪ್ಪತ್ತು ಮಂದಿ ಕೆಸರಲ್ಲಿ ನಿಂತು ಹಂದಿಗಳನ್ನ ನೋಡ್ತಿದೀವಿ, ಹಂದಿಗಳು ನಮ್ಮನ್ನ ನೋಡಿದವು, ಅವು ಒಣಗಿದ್ದವು, ನಾವೇ ಒದ್ದೆ. ವೆರ್ಚೆಸಿ ಅಲ್ಲೇ ಇದಾನೆ, ಹೋದ ವರ್ಷ ಗೆದ್ದವನು, ಸೈಕಲ್ ಕಂಪನಿಯವರು ಕೊಟ್ಟ ಹೊಸ ಅಂಗಿ, ಚರ್ಮದ ಕೈಗವಸು, ಕೈಯಲ್ಲಿ ಕೋಳಿ ಕಾಲು, ಅವನಿಗೆ ದಾರಿಯುದ್ದಕ್ಕೂ ಯಾರೋ ಏನೋ ಕೊಡ್ತಿರ್ತಾರೆ, ನನ್ನ ಜೇಬಲ್ಲಿ ಎರಡು ಹಸಿ ಮೊಟ್ಟೆ ಇತ್ತು, ಒಂದು ಒಡೆದು ಕಾಲಿಗೆ ಇಳಿದಿದೆ, ಅವನು ನನ್ನ ನೋಡಿ ಹುಬ್ಬು ಹಾರಿಸಿದ, ಇಟ್ಟಿಗೆ, ಇನ್ನೂ ಇದ್ದೀಯಾ, ಅಂದ, ಇನ್ನೂ ಬೇಯ್ತಿದೀನಿ ಅಂದೆ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಗದೆ ಇದ್ದರೆ ಹಲ್ಲು ಕಟಕಟ ಅನ್ನೋದು ಕೇಳಿಸುತ್ತೆ. ಗೇಟು ಎದ್ದಿದ್ದೇ ತಡ ಎಲ್ಲರೂ ಒಟ್ಟಿಗೆ ಹೊರಟರು, ಈಗ ಗಾಳಿಗೆ ಬೆನ್ನುಗಳ ಗೋಡೆ ಇದೆ, ಗೋಡೆ ಹಿಂದೆ ನಾನು, ಗಿರಗಿರ ಗಿರಗಿರ, ಇನ್ನೊಂದು ಮೈಲಿ, ಚೆಸ್ಟ್‌ನಟ್ ಮರಗಳು ಶುರುವಾದವು, ರಸ್ತೆ ಮೂಗು ಎತ್ತಿತು, ಬುಡದ ಹಳ್ಳಿ, ಅಲ್ಲಿ ದನ ನೀರು ಕುಡಿಯೋ ಕಲ್ಲುತೊಟ್ಟಿ, ಇಲ್ಲೇ ಎಲ್ಲರೂ ಇಳಿಯೋದು, ಪ್ರತಿ ವರ್ಷ ಇದೇ ತೊಟ್ಟಿ, ಒಬ್ಬ ಇಳಿದರೆ ಎಲ್ಲರೂ ಇಳೀತಾರೆ, ಸೈಕಲ್ಲು ತಲೆಕೆಳಗು ಮಾಡ್ತಾರೆ, ಕಿವಿನಟ್ಟಿಗೆ ಕೆಸರು ತುಂಬಿರುತ್ತೆ, ತೊಟ್ಟಿಯಲ್ಲಿ ಅದ್ದಿ ತೊಳೀತಾರೆ, ಹಾಗೇ ಗೋಡೆ ಕಡೆ ತಿರುಗಿ ಇನ್ನೊಂದು ಕೆಲಸಾನೂ ಮುಗಿಸ್ತಾರೆ, ನಾಲ್ಕು ನಿಮಿಷ, ಐದು ನಿಮಿಷ, ಯಾರ ಕೈ ಚುರುಕೋ ಅವರು ಮೊದಲು, ನನ್ನ ಕೈ ಯಾವತ್ತೂ ಚುರುಕಲ್ಲ — ಇಳಿಯೋಕೆ ಅಂತ ಕಾಲು ಎತ್ತಿದೆ, ನಿಜವಾಗಲೂ ಎತ್ತಿದೆ, ಅಭ್ಯಾಸ ನೋಡು, ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು, ಅಲ್ಲ, ನಾನು ಯಾಕೆ ಇಳೀಲಿ, ನನ್ನ ಚಕ್ರ ಆಗಲೇ ಏರಿನ ಕಡೆಗಿದೆ, ಬೆಳಿಗ್ಗೆಯಿಂದ ಏರಿನ ಕಡೆಗಿದೆ, ಇಳಿದು ಏನು ಮಾಡಲಿ, ತೊಟ್ಟಿಗೆ ಕೈಮುಗೀಲಾ. ಕಾಲು ಇಳಿಸಿದೆ, ತುಳಿದೆ, ತೊಟ್ಟಿ ಎಡಗಡೆ, ಬಾಗಿದ ಅರವತ್ತೊಂಬತ್ತು ಬೆನ್ನು ಎಡಗಡೆ, ಹಿಂದಿನಿಂದ ತೋಬಿಯಾ ಕೂಗ್ತಿದಾನೆ, ಏ ಇಟ್ಟಿಗೆ, ಚಕ್ರ ತಿರುಗಿಸೋದು ಮರೆತೆಯಲ್ಲೋ, ಅಲ್ಲೇ ಅರ್ಧ ದಾರೀಲಿ ಉರುಳ್ತೀಯ ನೋಡು, ಇನ್ಯಾರೋ, ಬಿಡೋ, ಅವನಿಗೆ ಯಾವತ್ತು ಬುದ್ಧಿ ಇತ್ತು ಅಂದರು, ನಾನು ತಿರುಗಿ ನೋಡಲಿಲ್ಲ, ಹೊಟ್ಟೆಯೊಳಗಿನಿಂದ ನಗು ಒತ್ತಿ ಬರ್ತಿತ್ತು, ನಕ್ಕರೆ ಉಸಿರು ಹೋಗುತ್ತೆ ಅಂತ ತಡೆದುಕೊಂಡೆ.

ಈಗ ಮುಂದೆ ಯಾರೂ ಇಲ್ಲ — ಇದು ಹೊಸದು, ಎಂಟು ವರ್ಷದಲ್ಲಿ ನನ್ನ ಮುಂದೆ ಯಾವಾಗಲೂ ಯಾರದೋ ಹಿಂಭಾಗ ಇರ್ತಿತ್ತು, ದಪ್ಪದು, ಸಣ್ಣದು, ಹರಿದ ಚಡ್ಡಿಯದು, ಎಲ್ಲ ಹಿಂಭಾಗಗಳೂ ನನಗೆ ಪರಿಚಯ, ಈಗ ರಸ್ತೆ ಒಂದೇ, ಖಾಲಿ, ನಂದು, ಕಾಲು ಈಗ ಗಿರಗಿರ ಅನ್ನಲ್ಲ, ಹದವಾಗಿ, ಒಂದು, ಎರಡು, ಭಟ್ಟಿಯಲ್ಲಿ ಮಣ್ಣು ತುಳಿಯೋ ಹದ ಇದು, ಕಾಲಿಗೆ ಗೊತ್ತಿರೋ ಕೆಲಸ, ಮರದಡಿ ಕೊಡೆ ಹಿಡಿದು ನಿಂತಿರೋ ಜನ ಮೊದಲು ಸುಮ್ಮನೆ ನೋಡ್ತಾರೆ, ಆಮೇಲೆ ಒಬ್ಬರನ್ನೊಬ್ಬರು ಕೇಳ್ತಾರೆ, ಯಾರಿವನು, ವೆರ್ಚೆಸಿ ಎಲ್ಲಿ, ಇವನು ಅಂಚೆಯವನಿರಬೇಕು ಅಂತ ಒಬ್ಬ ಅಜ್ಜಿ ತೀರ್ಮಾನ ಕೊಟ್ಟಳು, ಕಾಗದ ಇದೆಯಾ ಅಪ್ಪಾ ಅಂದಳು, ನಾಳೆ ತರ್ತೀನಿ ಅಜ್ಜಿ ಅಂದೆ. ಮಳೆ ದಪ್ಪ ಆಯ್ತು, ದಪ್ಪ ಆಗಿ ಬೆಳ್ಳಗಾಯ್ತು, ಏಪ್ರಿಲ್ ತಿಂಗಳಲ್ಲಿ ಹಿಮ, ಪರವಾಗಿಲ್ಲ, ಬೀಳಲಿ, ನಾನು ಮೊದಲು ಹೋಗ್ತಿದೀನಿ, ಹಿಮ ಮೊದಲು ನನ್ನ ಮೇಲೆ ಬೀಳೋದು ನ್ಯಾಯಾನೇ — ಇಷ್ಟು ವರ್ಷ ನಾನು ಆ ಸಮುದ್ರದ ಊರು ಮುಟ್ಟೋ ಹೊತ್ತಿಗೆ ತೋರಣ ಬಿಚ್ಚಿ ಮಡಚಿರ್ತಿದ್ದರು, ಕುರ್ಚಿ ಎತ್ತಿರ್ತಿದ್ದರು, ಒಂದು ಸಲ ಸಹಿ ಪುಸ್ತಕವನ್ನೇ ಮನೆಗೆ ಒಯ್ದುಬಿಟ್ಟಿದ್ದರು, ನಾನು ಆ ಗುಮಾಸ್ತನ ಮನೆ ಹುಡುಕಿ, ಅವನು ಸೂಪು ಕುಡೀತಿದ್ದ, ಅವನ ಊಟದ ಮೇಜಿನ ಮೇಲೆ ಸಹಿ ಹಾಕಿ ಬಂದೆ, ಅದನ್ನ ಹೇಳಿದಾಗ ಪಾಲ್ಮಿರಾ ನಕ್ಕಳು, ನಗ್ತಾ ನಗ್ತಾ ನಗು ನಿಲ್ಲಿಸಿ, ಸೂಪು ನಿನಗೂ ಕೊಟ್ಟನಾ ಅಂತ ಕೇಳಿದಳು, ಕೊಡಲಿಲ್ಲ ಅಂದೆ, ಅವಳು ಎದ್ದು ಹೋಗಿ ಒಲೆ ಹಚ್ಚಿದಳು. ಅವಳಿಗೆ ಕುಣಿಯೋದು ಇಷ್ಟ, ಭಾನುವಾರ ಸಂಜೆ ಚೌಕದಲ್ಲಿ ವಾದ್ಯದವರು ಬರ್ತಾರೆ, ಮದುವೆಗೆ ಮುಂಚೆ ಅವಳ ಜೊತೆ ಕುಣಿಯೋಕೆ ನಾನು ಸಾಲಲ್ಲಿ ನಿಂತವನು, ಮದುವೆ ಆದ ಮೇಲೆ ಭಾನುವಾರ ಅಂದರೆ ನಾನು ಎಲ್ಲೋ ನೂರು ಮೈಲಿ ಆಚೆ, ಬಂದರೂ ಮರದ ಕಾಲು, ಬೂಟು ಬಿಚ್ಚೋಕೂ ಆಗಲ್ಲ, ಅವಳೇ ಬಿಚ್ಚಬೇಕು, ಹೋದ ಬೇಸಿಗೆಯಲ್ಲಿ ಎಷ್ಟು ಭಾನುವಾರ ಒಟ್ಟಿಗೆ ಊಟ ಮಾಡಿದ್ವಿ ಹೇಳು ಅಂದಳು ಆ ಹಬ್ಬದ ದಿನ, ನಾನು ಬೆರಳು ಮಡಚೋಕೆ ಶುರು ಮಾಡಿ ಎರಡಕ್ಕೆ ನಿಂತೆ, ತಪ್ಪು ಅವಳದಲ್ಲ, ಅವಳು ಹೇಳೋದು ಸರಿ, ಸರಿ ಅಂತ ಗೊತ್ತಿದ್ದೂ ನಾನು ಶನಿವಾರ ಬಂತೆಂದರೆ ಗಾಳಿ ತುಂಬೋಕೆ ಕೂತ್ಕೊಳ್ತೀನಿ, ನನ್ನಂಥ ಗಂಡನ ಚಕ್ರ ನಾನಾಗಿದ್ದರೂ ಬೇಕಂತಲೇ ತಿರುವಿ ಹಾಕ್ತಿದ್ದೆನೋ ಏನೋ. ಆದರೆ ಅವಳು ಹಾಗೆ ಮಾಡ್ತಾಳಾ, ಮುಖದ ಮೇಲೆ ಹೇಳೋ ಹೆಂಗಸು ಅವಳು, ಹಿಂದಿನಿಂದ ಮಾಡೋಳಲ್ಲ, ಮರೆತೇ ಹಾಕಿರಬೇಕು, ಎಂಟು ವರ್ಷ ಒರೆಸಿದವಳು ಮರೀತಾಳಾ, ಅಯ್ಯೋ ಹಾಳಾಗಲಿ ಈ ನೊಣ — ಬೆರಳು ಎಲ್ಲಿ ಹೋದವು, ಹ್ಯಾಂಡಲ್ ಮೇಲೆ ಹತ್ತು ಬೆರಳು ಕಾಣ್ತಿವೆ, ಯಾರದೋ ಬೆರಳು, ನೇರಳೆ ಬಣ್ಣ, ಮಡಚು ಅಂದರೆ ಮಡಚಲ್ಲ, ಮೇಲೆ ಘಟ್ಟದ ತಲೆಯಲ್ಲಿ ಮಾವನ ಹೋಟೆಲು, ಅಲ್ಲೇ ಸಹಿ ಹಾಕೋ ಠಾಣೆ, ಪಾಲ್ಮಿರಾ ನಿನ್ನೆಯೇ ತವರಿಗೆ ಬಂದಿದಾಳೆ, ಬಾಗಿಲಲ್ಲಿ ನಿಂತಿರ್ತಾಳೆ, ಅಲ್ಲಿ ಚಕ್ರ ಮತ್ತೆ ತಿರುವಿ ಹಾಕಲೇಬೇಕು, ಈ ದೊಡ್ಡ ಹಲ್ಲಿನಲ್ಲಿ ಇಳಿಜಾರಿಗೆ ಬಿದ್ದರೆ ಪೆಡಲು ಕಾಲನ್ನೇ ಕಿತ್ತು ಎಸೆಯುತ್ತೆ, ಹೋದ ವರ್ಷ ಒಬ್ಬ ಹಾಗೇ ಹೋಗಿ ಮರ ಹತ್ತಿ ಕೂತಿದ್ದ, ತಿರುವಿ ಹಾಕೋಕೆ ಬೆರಳು ಬೇಕು, ಬೆರಳು ಇಲ್ಲ. ಗಂಟೆ ಹೊಡೀತಿದೆ, ಮಾವನ ಮನೆ ಹೊಗೆ ಕಾಣಿಸ್ತು.

ಇಳಿದೆ ಅನ್ನೋದಕ್ಕಿಂತ ಬಿದ್ದೆ ಅನ್ನೋದು ಸರಿ, ಪಂದ್ಯದ ಅಧಿಕಾರಿ ಒತ್ತೋಲಿನಿ ಕೊಡೆ ಕೆಳಗಿನಿಂದ ನನ್ನ ನಂಬರು ನೋಡ್ತಾನೆ, ಪಟ್ಟಿ ನೋಡ್ತಾನೆ, ಮತ್ತೆ ನಂಬರು ನೋಡ್ತಾನೆ, ಊರಲ್ಲಿ ಔಷಧಿ ಅಂಗಡಿ ಇಟ್ಟವನು, ಗುಳಿಗೆ ಲೆಕ್ಕ ಹಾಕೋ ಹಾಗೇ ಎಲ್ಲ ನೋಡೋದು, ನೀವು ದಾರಿ ತಪ್ಪಿ ಒಳದಾರೀಲಿ ಬಂದಿಲ್ಲ ತಾನೇ ಅಂದ, ಒಳದಾರಿ ಗೊತ್ತಿದ್ದರೆ ಎಂಟು ವರ್ಷ ಸುಮ್ಮನಿರ್ತಿದ್ನಾ ಸ್ವಾಮಿ ಅಂದೆ, ಪೆನ್ಸಿಲ್ ಎರಡೂ ಮುಷ್ಟಿಯಲ್ಲಿ ಹಿಡಿದು ಒಂದು ಗೀಟು ಎಳೆದೆ, ಅದೇ ಸಹಿ, ಅವನು ಸುತ್ತ ನಿಂತ ಜನಕ್ಕೆ ದೊಡ್ಡ ದನಿಯಲ್ಲಿ ಹೇಳಿದ, ನೋಡಿ, ಸವಾರನಿಗಾಗಲಿ ಗಾಡಿಗಾಗಲಿ ಹೊರಗಿನವರ ಒಂದು ಬೆರಳು ತಾಗಿದರೂ ಪಟ್ಟಿಯಿಂದ ಹೆಸರು ಹೊಡೆದುಹಾಕ್ತೀನಿ, ಮಾವ ಅಂತ ಇಲ್ಲ, ಹೆಂಡತಿ ಅಂತ ಇಲ್ಲ, ಹೆಂಡತಿ ಅಂತ ಇಲ್ಲ ಅಂದಾಗ ನಾನು ತಲೆ ಎತ್ತಿದೆ, ಪಾಲ್ಮಿರಾ ಬಾಗಿಲಲ್ಲೇ ನಿಂತಿದಾಳೆ, ತೋಳು ಮಡಚಿದ ಅಂಗಿ, ಮುಂಗೈವರೆಗೆ ಜೋಳದ ಹಿಟ್ಟು, ಮುಖದಲ್ಲಿ ಏನೂ ಇಲ್ಲ, ನಗುವೂ ಇಲ್ಲ, ಕೋಪವೂ ಇಲ್ಲ, ಬಂದ್ಯಾ ಅಂದಳು, ಅಷ್ಟೇ. ಸೈಕಲ್ಲು ತಲೆಕೆಳಗು ಮಾಡಿದೆ, ಕಿವಿನಟ್ಟಿಗೆ ಬೆರಳು ಹಾಕಿದೆ, ಜಾರ್ತು, ಮತ್ತೆ ಹಾಕಿದೆ, ಜಾರ್ತು, ಹಲ್ಲಲ್ಲಿ ಕಚ್ಚಿ ತಿರುಗಿಸೋಕೆ ನೋಡಿದೆ, ನಾಲಿಗೆ ಕಬ್ಬಿಣಕ್ಕೆ ಅಂಟಿಕೊಳ್ತು, ಜನ ಅಯ್ಯಯ್ಯೋ ಅಂದರು, ಮಾವ ಗೌದೆನ್ಸಿಯೊ ಒಳಗಿನಿಂದ ಇಕ್ಕಳ ಹಿಡಿದು ನುಗ್ಗಿ ಬಂದ, ನನ್ನ ಮನೆ ಮುಂದೆ ನನ್ನ ಅಳಿಯ ಕಬ್ಬಿಣ ತಿನ್ನೋದು ನೋಡ್ತಾ ನಿಲ್ಲಲಾ ನಾನು ಅಂತ, ಪಾಲ್ಮಿರಾ ಅಡ್ಡ ಬಂದು ಭುಜದಲ್ಲಿ ಅವನನ್ನ ಗೋಡೆಗೆ ಒತ್ತಿ ನಿಲ್ಲಿಸಿದಳು, ಅಪ್ಪಾ, ಹೆಸರು ಹೊಡೀತಾರೆ, ನಿಲ್ಲು ಅಂದಳು, ಆಮೇಲೆ ನನಗೆ, ಬಟ್ಟಲು ನಿನ್ನ ಪಕ್ಕದಲ್ಲೇ ಇದೆ, ತಣ್ಣಗಾಗ್ತಿದೆ ಅಂದಳು — ಠಾಣೆಗೆ ಬಂದ ಪ್ರತಿ ಸವಾರನಿಗೂ ಒಂದು ಬಟ್ಟಲು ಪೊಲೆಂಟಾ, ಬಿಸಿ ಬಿಸಿ ಜೋಳದ ಮುದ್ದೆ, ಅದು ನಿಯಮದಲ್ಲೇ ಇದೆ, ಹಬೆಯಾಡ್ತಿರೋ ಹಳದಿ ಮುದ್ದೆ, ತಿನ್ನೋದು ಬಿಟ್ಟು ಎರಡೂ ಕೈ ಮಣಿಕಟ್ಟಿನವರೆಗೆ ಅದರೊಳಗೆ ಹೂತೆ, ಆಹಾ, ಅಮ್ಮಾ, ಎಂಥ ಸುಖ, ಎಂಥ ಉರಿ, ಕಣ್ಣಲ್ಲಿ ನೀರು ಬಂತು, ಒತ್ತೋಲಿನಿ ನಿಯಮದ ಪುಸ್ತಕ ತೆಗೆದ, ಹಾಳೆ ತಿರುವಿದ, ಮುದ್ದೆಯನ್ನ ಎಲ್ಲಿಂದ ತಿನ್ನಬೇಕು ಅಂತ ಇದರಲ್ಲಿಲ್ಲ ಅಂತ ಮುಚ್ಚಿದ. ಬೆರಳು ಒಂದೊಂದೇ ವಾಪಸು ಬಂದವು, ಹಳದಿ ಕೈಯಲ್ಲೇ ಮೊದಲನೇ ನಟ್ಟು ಬಿಚ್ಚಿದೆ, ತಲೆ ಎತ್ತದೆ ಮೆಲ್ಲಗೆ ಕೇಳಿದೆ, ಪಾಲ್ಮಿರಾ, ಚಕ್ರ ಮರೆತು ಹಾಕಿದ್ಯಾ. ಎಂಟು ವರ್ಷದಿಂದ ಒರೆಸ್ತಿದೀನಿ, ಮರೀತೀನಾ ಅಂದಳು. ಹಾಗಾದರೆ ಬೇಕಂತ. ಹೂಂ. ನಾನು ಸೋಲಲಿ ಅಂತ. ಅವಳು ಅಂದಳು, ನಟ್ಟು ಬಿಗಿಯೋವಾಗ ಸೋಲಲಿ ಅಂತಲೇ ಬಿಗಿದೆ ಎವಾಸಿಯೊ, ಸುಳ್ಳು ಯಾಕೆ ಹೇಳಲಿ, ಗೋಣಿತಾಟು ಸುತ್ತೋವಾಗ ಬುಡದ ತೊಟ್ಟಿ ನೆನಪಾಯ್ತು, ಪಂದ್ಯ ಬಂದಾಗೆಲ್ಲ ಇಲ್ಲಿ ಸವಾರರ ಬಾಯಲ್ಲೇ ಕೇಳಿದೀನಿ, ಅಲ್ಲಿ ಇಳೀದೆ ಬಂದವನು ಒಬ್ಬನೂ ಇಲ್ಲ, ಬಿಚ್ಚಿ ಸರಿ ಮಾಡೋಣ ಅಂದ್ಕೊಂಡೆ, ಮಾಡಲಿಲ್ಲ, ಎರಡರಲ್ಲಿ ಯಾವುದಾದರೂ ಆಗಲಿ ಅಂತ ಹಗ್ಗ ಕಟ್ಟಿದೆ. ಯಾಕೆ ಮೊದಲೇ ಹೇಳಲಿಲ್ಲ ಅಂದೆ, ಹೇಳಿದ್ದರೆ ನೀನು ಕೇಳ್ತಿದ್ಯಾ ಅಂದಳು, ನನಗೆ ಸಿಟ್ಟು ಬರಬೇಕಿತ್ತು, ಹುಡುಕಿದೆ, ಎಲ್ಲೂ ಇರಲಿಲ್ಲ, ನೊಣ ಮಾತ್ರ ಎದ್ದು ಹಾರಿಹೋಯ್ತು, ಚಕ್ರ ಕಳಚಿದೆ, ತಿರುವಿದೆ, ಹಾಕೋವಾಗ ಚೈನು ಹಲ್ಲಿಗೂ ಕಡ್ಡಿಗೂ ನಡುವೆ ಸಿಕ್ಕಿಹಾಕಿಕೊಳ್ತು, ನನ್ನ ಎರಡೂ ಕೈ ಚಕ್ರ ಹಿಡಿದಿವೆ, ಮೂರನೇ ಕೈ ಬೇಕು, ಬರೀ ಒಂದು ಬೆರಳು, ಆ ಚೈನನ್ನ ಒಂದು ಕೂದಲೆಳೆಯಷ್ಟು ಈಚೆ ತಳ್ಳೋಕೆ, ಅವಳು ಪಕ್ಕದಲ್ಲೇ ನಿಂತಿದಾಳೆ, ಮೊಣಕಾಲು ನನ್ನ ಕಣ್ಣ ಮುಂದೆ, ಎಂಟು ವರ್ಷದಿಂದ ಈ ಚೈನು ಅವಳ ಬೆರಳಿನ ಮಾತು ಕೇಳುತ್ತೆ, ಒತ್ತೋಲಿನಿ ಕೊಡೆ ಮಡಚಿ ಹತ್ತಿರ ಬಂದು ಬಗ್ಗಿ ನೋಡ್ತಿದಾನೆ, ಅವಳು ಸಟ್ಟನೆ ಬೆನ್ನು ತಿರುಗಿಸಿದಳು, ಅವಳ ಕೈ ಎರಡೂ ಹಿಂದೆ, ಒಂದರೊಳಗೊಂದು, ಹಿಟ್ಟು ಮೆತ್ತಿದ ಕೈ, ಗೆಣ್ಣುಗಳು ಬೆಳ್ಳಗಾಗೋ ಹಾಗೆ ಬಿಗಿದ ಕೈ, ಹೆಬ್ಬೆರಳು ಮದುವೆ ಉಂಗುರವನ್ನ ತಿರುಗಿಸ್ತಿದೆ ತಿರುಗಿಸ್ತಿದೆ. ಅಷ್ಟರಲ್ಲಿ ವೆರ್ಚೆಸಿ ಬಂದ, ಅವನ ಹಿಂದೆ ಇಬ್ಬರು, ಕೈಗವಸು ಕಳಚಿ ಬಿಸಿ ಬೆರಳಲ್ಲಿ ಚಟಚಟ ಚಕ್ರ ಬಿಚ್ಚಿ ತಿರುವಿ ಹಾಕಿದರು, ಇಟ್ಟಿಗೆ, ನೀನಿಲ್ಲಿ ಅಡುಗೆ ಮಾಡ್ತಿದೀಯಾ ಅಂದ ಅವನು, ಮೂವರೂ ಹೋದರು, ನಾನು ಗಲ್ಲದಿಂದ ಚೈನು ತಳ್ಳಿದೆ, ಗಡ್ಡ ಅದರಲ್ಲಿ ಸಿಕ್ಕಿ ನಾಲ್ಕು ಕೂದಲು ಹೋಯ್ತು, ಚೈನು ಕೂತಿತು, ನಾಲ್ಕನೆಯವನಾಗಿ ಹೊರಟೆ.

ಇಳಿಜಾರು, ತಿರುವು, ಹಿಮ ಮತ್ತೆ ಮಳೆ ಆಯ್ತು, ಮಳೆ ಬರೀ ಗಾಳಿ ಆಯ್ತು, ಕೆಳಗೆ ಏನೋ ಹೊಳೀತಿದೆ, ಸಮುದ್ರ, ಎಂಟು ವರ್ಷದಲ್ಲಿ ಸಮುದ್ರವನ್ನ ಬೆಳಕಲ್ಲಿ ನೋಡ್ತಿರೋದು ಇದೇ ಮೊದಲು, ಯಾವಾಗಲೂ ನಾನು ಬರೋ ಹೊತ್ತಿಗೆ ಅದು ಬರೀ ಸದ್ದು, ಇಷ್ಟು ನೀಲಿ ಇದೆ ಅಂತ ಯಾರೂ ಹೇಳಿರಲಿಲ್ಲ, ನಿಂಬೆಹಣ್ಣಿನ ವಾಸನೆ, ಒಗೆದ ಬಟ್ಟೆ ವಾಸನೆ, ಬೆರಳ ಸಂದಿಯಲ್ಲಿ ಮುದ್ದೆ ಒಣಗಿ ಚಕ್ಕೆ ಚಕ್ಕೆ ಏಳ್ತಿದೆ, ನೆಕ್ಕಿದೆ, ಉಪ್ಪು ಸರಿಯಾಗಿ ಹಾಕಿದಾಳೆ — ಚಿಕ್ಕ ಹಲ್ಲು ಈಗ ರಸ್ತೆಯನ್ನ ಉದ್ದುದ್ದ ನುಂಗ್ತಿದೆ, ಆದರೂ ಹಿಂದಿನಿಂದ ಬರ್ತಾರೆ, ಬಂದೇ ಬರ್ತಾರೆ, ಬೆಳಿಗ್ಗೆಯಿಂದ ಹೊಲಿದು ಹೊಲಿದು ನನ್ನ ತೊಡೆಯಲ್ಲಿ ನೂಲು ಮುಗಿದಿದೆ, ಮೊದಲನೇ ಊರಲ್ಲಿ ಇಬ್ಬರು ದಾಟಿದರು, ನಾನು ಆರು, ಸೇತುವೆ ಮೇಲೆ ಒಬ್ಬ, ಏಳು, ಕಾಲಿಗೆ ಜೋಮು ಹಿಡಿದು ಇಳಿದು ಮೈಲಿಗಲ್ಲಿಗೆ ಒರಗಿ ಬಡಿದುಕೊಳ್ತಿದ್ದಾಗ ಇನ್ನಿಬ್ಬರು, ಒಂಬತ್ತು, ಮತ್ತೆ ಹತ್ತಿದೆ, ಒಂಬತ್ತು, ಒಂಬತ್ತು ಅಂತ ಹೇಳಿಕೊಂಡು ತುಳಿದೆ, ಒಂಬತ್ತು ಒಳ್ಳೇ ಸಂಖ್ಯೆ, ತೋಬಿಯಾ ಕಾಣಲಿಲ್ಲ, ಪಾಪ, ಎಲ್ಲೋ ಚಡ್ಡಿ ಹೊಲೀತಿರಬೇಕು, ಆದರೆ ಕಣ್ಣ ಮುಂದೆ ಯಾಕೆ ಮತ್ತೆ ಮತ್ತೆ ಆ ಕೈ ಬರ್ತಿದೆ, ಬೆನ್ನ ಹಿಂದೆ ಬಿಗಿದ ಕೈ, ಉಂಗುರ ತಿರುಗಿಸೋ ಹೆಬ್ಬೆರಳು, ಚಳಿ ಇರಬೇಕು ಅವಳಿಗೂ, ಒಳಗೆ ಹೋಗಿ ಒಲೆ ಮುಂದೆ ಕೂತಳೋ ಇಲ್ಲವೋ. ಮೀನು ಬಲೆ ಒಣಹಾಕಿದ ಗೋಡೆ, ಗೋಡೆ ಮೇಲೆ ಜನ, ಪಕ್ಕದಲ್ಲಿ ಒಂದು ನೆರಳು, ನೊವಾರಾದ ಸವಾರ, ಎಳೇ ಮೀಸೆ, ಅಣ್ಣಾ ಸ್ವಲ್ಪ ಸರೀರಿ ಅಂತ ಮರ್ಯಾದೆಯಾಗೇ ಕೇಳಿ ದಾಟಿಬಿಟ್ಟ, ಹತ್ತು, ಈಗ ನಾನು ಹತ್ತು, ಹಿಂದೆ ಇನ್ನೊಂದು ಚಕ್ರದ ಸದ್ದು, ಸರಸರ ಸರಸರ, ಇವನು ದಾಟಿದರೆ ಅವರೆಬಳ್ಳಿ, ತಿರುಗಿ ನೋಡಬೇಡ ಎವಾಸಿಯೊ, ನೋಡಿದರೆ ಬರ್ತಾನೆ, ಊರ ಬೀದಿ, ಕಲ್ಲುಹಾಸು, ಹಲ್ಲು ಅಲುಗಾಡ್ತಿವೆ, ತೋರಣ, ಅಲ್ಲಿ ತೋರಣ ಇನ್ನೂ ಕಟ್ಟಿದೆ, ಕಟ್ಟಿರೋ ತೋರಣ ನಾನು ನೋಡೇ ಇರಲಿಲ್ಲ, ಕೆಂಪು ಬಿಳಿ ಹಸಿರು, ಅವನ ಉಸಿರು ನನ್ನ ಮೊಣಕೈಗೆ ತಾಗ್ತಿದೆ, ಮಣ್ಣು ತುಳಿ, ಮಣ್ಣು ತುಳಿ, ಹದಿನೈದು ವರ್ಷದ ಮಣ್ಣೆಲ್ಲ ಇವತ್ತೇ ತುಳಿ, ಗೀಟು ದಾಟಿದೆ, ಹ್ಯಾಂಡಲ್ಲಿನಷ್ಟು ಮುಂದೆ, ಅಷ್ಟೇ, ಮೇಜಿನ ಹಿಂದಿನವನು ಹತ್ತು ಅಂತ ಕೂಗಿದ, ಇನ್ನೊಂದು ಸಲ ಹೇಳಿ ಅಂದೆ, ಹತ್ತು ಅಂದ, ಇನ್ನೊಂದು ಸಲ ಅಂದೆ, ಅವನು ನಕ್ಕು ಹತ್ತೂ ಬೆರಳು ಎತ್ತಿ ತೋರಿಸಿದ. ಯಾರೋ ಕಂಬಳಿ ಹೊದಿಸಿದರು, ಯಾರೋ ವೈನು ಕೊಟ್ಟರು, ನನಗೆ ನಗು ಬರ್ತಿದೆ, ಅಳುವೂ ಬರ್ತಿದೆ, ಎರಡಕ್ಕೂ ಒಂದೇ ಬಾಯಿ, ಗೆದ್ದೆ, ಸಾಯೋವರೆಗೂ ತುಳೀಬಹುದು, ಅವಳು ತುಟಿ ಬಿಚ್ಚಲ್ಲ, ಮಾತು ಅಂದರೆ ಮಾತು ಅವಳದು, ಪ್ರತಿ ಭಾನುವಾರ ತುಳೀಬಹುದು. ತಂತಿ ಗುಮಾಸ್ತ ಬಂದು ಪಕ್ಕದಲ್ಲಿ ಕೂತ, ಮೊದಲ ಹತ್ತು ಜನಕ್ಕೆ ಮನೆಗೆ ಒಂದು ತಂತಿ ಕಳಿಸ್ತೀವಿ, ಯಾರಿಗೆ ಕಳಿಸಲಿ ಅಂದ, ಘಟ್ಟದ ಠಾಣೆಗೆ, ಪಾಲ್ಮಿರಾಗೆ ಅಂದೆ, ಏನಂತ ಬರೀಲಿ ಅಂದ, ಹತ್ತನೆಯವನಾದೆ ಅಂತ ಹೇಳೋಕೆ ಬಾಯಿ ತೆಗೆದೆ — ಒಂದು ಬೆರಳು ಸಾಕಿತ್ತು, ಪಾಲ್ಮಿರಾ, ಸಹಾಯ ಮಾಡೋ ಹಾಗೆ ಬಗ್ಗಿ ಆ ಚೈನಿಗೆ ಒಂದು ಬೆರಳು ತಾಗಿಸಿದ್ದರೆ ಸಾಕಿತ್ತು, ಒತ್ತೋಲಿನಿ ಅಲ್ಲೇ ಬಗ್ಗಿ ನೋಡ್ತಿದ್ದ, ಅಲ್ಲೇ ನನ್ನ ಹೆಸರು ಹೋಗ್ತಿತ್ತು, ಸೈಕಲ್ಲು ಗೋಡೆಗೆ, ಭಾನುವಾರಗಳೆಲ್ಲ ನಿಂದು, ಊಟ, ಚೌಕ, ವಾದ್ಯ, ಎಲ್ಲ, ನಾನು ಕೂಡ ನಿನ್ನ ಬೈತಿರಲಿಲ್ಲ, ಗಂಡನ ಕಷ್ಟ ನೋಡಲಾರದೆ ಮುಟ್ಟಿದಳು ಅಂತ ಊರೆಲ್ಲ ಹೊಗಳ್ತಿತ್ತು, ಅದು ನಿನಗೆ ಗೊತ್ತಿತ್ತು, ನನಗಿಂತ ಮೊದಲು ಗೊತ್ತಿತ್ತು, ಅದಕ್ಕೇ ನೀನು ತಿರುಗಿ ನಿಂತೆ, ಆ ಬೆರಳು ಚೈನಿಗೆ ತಾಗದಿರಲಿ ಅಂತ. ಬೇಗ ಹೇಳಿ, ಇನ್ನೂ ಒಂಬತ್ತು ಕಳಿಸೋದಿದೆ ಅಂತಿದಾನೆ ಗುಮಾಸ್ತ, ಪೆನ್ಸಿಲ್ ನಾಲಿಗೆಗೆ ತಾಗಿಸಿಕೊಂಡು ಕಾಯ್ತಿದಾನೆ, ಏನು ಬರೀಲಿ, ಏನು ಬರೀಲಿ — ಬೆನ್ನ ಹಿಂದೆ ಅವಳ ಕೈ, ಒಂದರೊಳಗೊಂದು, ಬೆಳ್ಳಗಾದ ಗೆಣ್ಣು, ಬೆನ್ನ ಹಿಂದೆ ಅವಳ ಕೈ